ಬದಲಿ ಇಲ್ಲದ ವಸ್ತು ಯಾವುದು? ಕೊರೊನಾ ನಡುವೆ ಮನೆ ನಡೆಸಿದ ಅನುಭವ

ನಮ್ಮ ಮನೆಯಲ್ಲಿ ಕೊನೆಯವರ ಐಸೊಲೇಷನ್ ಕಳೆದ ವಾರ ಮುಗಿಯಿತು. ಪರಿಚಯದವರು ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಏನೇನು ತಂದಿಟ್ಟುಕೊಂಡಿದ್ರಿ? ಯಾವುದಕ್ಕೆ ಜಾಸ್ತಿ ಕಷ್ಟ ಆಯ್ತು?" ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಹೇಳುವಾಗ ಬಿಟ್ಟುಹೋಗುತ್ತಿದೆ. ಅದಕ್ಕೇ ಮೊದಲಿನಿಂದ ಬರೆದಿಡುತ್ತಿದ್ದೇನೆ. ಮುಂದೆ ಇದೇ ದಾರಿಯಲ್ಲಿ ಬರುವವರಿಗೆ ಅರ್ಧದಷ್ಟಾದರೂ ಗೊಂದಲ ಕಡಿಮೆಯಾಗಲಿ.

ನಮ್ಮದು ಐದು ಜನರ ಮನೆ. ನಾನು, ನನ್ನ ಗಂಡ, ಶಾಲೆಗೆ ಹೋಗುವ ಮಗ, ಅಮ್ಮ, ತಂಗಿ. ಅಮ್ಮನಿಗೆ ಬಿಪಿ ಇದೆ, ಕಿವಿಯೂ ಮಂದ. ಮಷೀನ್ ಹಾಕಿಕೊಳ್ಳದಿದ್ದರೆ ಏನೂ ಕೇಳಿಸುವುದಿಲ್ಲ. ತಂಗಿಗೆ ಲೂಪಸ್. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಅದು. ಕೀಲು, ಚರ್ಮ, ಕಿಡ್ನಿ, ಯಾವುದಕ್ಕೆ ಬೇಕಾದರೂ ಪೆಟ್ಟು ಬೀಳಬಹುದು. ಅದನ್ನು ಹತೋಟಿಯಲ್ಲಿಡಲು ಅವಳು ವರ್ಷಗಳಿಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಜೊತೆಗೆ ಸಣ್ಣ ಡೋಸಿನಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಮೊದಲನೆಯ ಮಾತ್ರೆಯ ಹೆಸರು ಆಗ ನಮ್ಮ ಬಳಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಲವೇ ತಿಂಗಳಲ್ಲಿ ಎಲ್ಲರ ಬಾಯಲ್ಲೂ ಅದೇ ಬಂತು.

ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿ 30ರಂದು ಕೊರೊನಾವನ್ನು ಅಂತಾರಾಷ್ಟ್ರೀಯ ಆರೋಗ್ಯ ತುರ್ತು ಸ್ಥಿತಿ ಎಂದು ಘೋಷಿಸಿತು. ಆ ಸುದ್ದಿ ಬಂದ ಸಂಜೆ ತಂಗಿ ತನ್ನ ಔಷಧಿ ಡಬ್ಬಿ ತಂದು ಮೇಜಿನ ಮೇಲೆ ಸುರಿದಳು. "ಅಕ್ಕಾ, ಎಷ್ಟಿದೆ ಅಂತ ಎಣಿಸೋಣ. ಸುಮ್ನೆ ಗಾಬರಿ ಆಗೋದಕ್ಕಿಂತ ಲೆಕ್ಕ ಗೊತ್ತಿದ್ರೆ ಒಳ್ಳೇದಲ್ವಾ?" ಅಂದಳು. ಎಣಿಸಿದೆವು. ಆಮೇಲೆ ಅಮ್ಮನ ಬಿಪಿ ಮಾತ್ರೆ ಎಣಿಸಿದೆವು. ಹಾಗೇ ಅಡುಗೆಮನೆ, ಬಚ್ಚಲುಮನೆಗೂ ಹೋದೆವು.

ಒಂದು ಹಾಳೆಯಲ್ಲಿ ನಡುವೆ ಗೆರೆ ಎಳೆದು ಎರಡು ಪಟ್ಟಿ ಮಾಡಿದೆವು. ಎಡಗಡೆ, ಮುಗಿದುಹೋದರೆ ಬೇರೆ ಏನಾದರೂ ಬಳಸಬಹುದಾದದ್ದು. ಬಲಗಡೆ, ಮುಗಿದರೆ ಬದಲಿಯೇ ಇಲ್ಲದ್ದು. ಅಕ್ಕಿ ಸಿಗದಿದ್ದರೆ ಹಿಟ್ಟು ಇದೆ. ಸ್ಯಾನಿಟೈಸರ್ ಇಲ್ಲದಿದ್ದರೆ ಸೋಪು ಇದೆ. ಟಿಶ್ಯೂ ಬದಲು ಬಟ್ಟೆ, ಪ್ಯಾಡಿಗೂ ಒಗೆದು ಬಳಸುವ ಬಟ್ಟೆಯ ಪ್ಯಾಡ್ ಇದೆ. ಇವೆಲ್ಲ ಎಡಕ್ಕೆ ಹೋದವು. ಬಲಕ್ಕೆ ಬಂದದ್ದು ಸ್ವಲ್ಪವೇ: ತಂಗಿಯ ಎರಡೂ ಮಾತ್ರೆ, ಅಮ್ಮನ ಬಿಪಿ ಮಾತ್ರೆ, ಕಿವಿ ಮಷೀನಿನ ಬ್ಯಾಟರಿ, ಅಮ್ಮನ ಕನ್ನಡಕ. ಇಡೀ ವರ್ಷ ನಮ್ಮ ಕೈ ಹಿಡಿದದ್ದು ಈ ಬಲಗಡೆಯ ಪಟ್ಟಿ. ನೀವು ಇವತ್ತು ಒಂದೇ ಕೆಲಸ ಮಾಡುವುದಾದರೆ ಇದನ್ನೇ ಮಾಡಿ. ಅಂಗಡಿಯಲ್ಲಿ ಏನು ಖಾಲಿಯಾಗುತ್ತಿದೆ ಎಂದು ನೋಡಲು ಹೋಗಬೇಡಿ. ನಿಮ್ಮ ಮನೆಯಲ್ಲಿ ಯಾವುದಕ್ಕೆ ಬದಲಿ ಇಲ್ಲ ಎಂದು ನೋಡಿ. ಊರಿಗೆ ಊರೇ ಯಾವುದಕ್ಕೆ ಮುಗಿಬೀಳುತ್ತದೋ ಅದು ನಿಮಗೆ ಅಷ್ಟು ಮುಖ್ಯ ಇರಲಿಕ್ಕಿಲ್ಲ.

ಬ್ಯಾಟರಿ ಬಗ್ಗೆ ಒಂದು ಮಾತು. ಕಿವಿ ಮಷೀನಿನ ಜಿಂಕ್ ಏರ್ ಬ್ಯಾಟರಿಯ ಬೆನ್ನಿಗೆ ಒಂದು ಪುಟ್ಟ ಬಣ್ಣದ ಸ್ಟಿಕ್ಕರ್ ಇರುತ್ತದೆ. ಅದನ್ನು ಕಿತ್ತ ಕೂಡಲೇ ತೂತಿನಿಂದ ಗಾಳಿ ಒಳಗೆ ಹೋಗಿ ಬ್ಯಾಟರಿ ಕೆಲಸ ಶುರು ಮಾಡುತ್ತದೆ. ಆಮೇಲೆ ಬಳಸಿದರೂ ಅಷ್ಟೇ, ಬಳಸದಿದ್ದರೂ ಅಷ್ಟೇ, ಅದು ಇಳಿಯುತ್ತಾ ಹೋಗುತ್ತದೆ. ಸ್ಟಿಕ್ಕರ್ ಹಾಗೇ ಇದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದ್ದರಿಂದ ಇವನ್ನು ಮುಂಚೆ ತಂದಿಡಲು ಹೆದರಬೇಕಿಲ್ಲ. ಸ್ಟಿಕ್ಕರ್ ಮಾತ್ರ ಹಾಕುವಾಗಲೇ ತೆಗೆಯಿರಿ.

ಫೆಬ್ರವರಿಯಲ್ಲಿ ನಾವು ಮಾಡಿದ್ದು ಇನ್ನೊಂದೇ ಕೆಲಸ. ಯಾವ ಪೊಟ್ಟಣ ತೆರೆದರೂ ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಕು ಬರೆಯುವುದು, ಮುಗಿದಾಗ ಎಷ್ಟು ದಿನ ಬಂತೆಂದು ನೋಡುವುದು. ಮಗನಿಗೆ ಈ ಕೆಲಸ ತುಂಬಾ ಇಷ್ಟವಾಯಿತು. ಸೋಪಿನ ಹಾಳೆಯ ಮೇಲೂ ತಾರೀಕು ಬರೆದು ಗೋಡೆಗೆ ಅಂಟಿಸುತ್ತಿದ್ದ. ಇಷ್ಟು ವರ್ಷ ಮನೆ ನಡೆಸಿದರೂ ಎಣ್ಣೆ ತಿಂಗಳಿಗೆ ಎಷ್ಟು ಬೇಕು, ಉಪ್ಪು ಎಷ್ಟು ಬೇಕು ಎಂಬ ಸರಿಯಾದ ಲೆಕ್ಕ ಸಿಕ್ಕಿದ್ದು ಆಗಲೇ. ಆ ಲೆಕ್ಕ ಕೈಯಲ್ಲಿದ್ದರಿಂದ ಎರಡು ವಾರಕ್ಕೆ ಆಗುವಷ್ಟನ್ನು ಮಾತ್ರ ಹೆಚ್ಚಿಗೆ ತಂದೆವು. ಅದನ್ನೂ ಒಂದೇ ಸಲ ತರಲಿಲ್ಲ. ಪ್ರತಿ ಸಲ ಹೋದಾಗಲೂ ಒಂದೆರಡು ವಸ್ತು ಜಾಸ್ತಿ ತಂದೆವು, ಅಷ್ಟೇ. ಹಳೆಯದನ್ನು ಮುಂದಿಟ್ಟು, ಹೊಸದನ್ನು ಹಿಂದಿಟ್ಟೆವು. ಮನೆಯಲ್ಲಿ ಯಾರೂ ತಿನ್ನದ ವಸ್ತುವನ್ನು "ಇರಲಿ" ಅಂತ ತರಬೇಡಿ. ಅದು ಹುಳ ಹಿಡಿದು ಕಸದ ಬುಟ್ಟಿಗೆ ಹೋಗುತ್ತದೆ.

ಮಾರ್ಚ್ 11ರಂದು ಇದು ಜಾಗತಿಕ ಸಾಂಕ್ರಾಮಿಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅದಾದ ಮೇಲೆ ಅಂಗಡಿಯ ಶೆಲ್ಫುಗಳು ಕಣ್ಣೆದುರೇ ಬರಿದಾದವು. ನನಗೂ ಭಯವಾಯಿತು. ಎಣಿಸಿ ಬರೆದಿಟ್ಟ ಹಾಳೆ ಜೇಬಿನಲ್ಲಿದ್ದರೂ, ಪಕ್ಕದವರ ಗಾಡಿ ತುಂಬಿ ತುಳುಕುವುದನ್ನು ಕಂಡಾಗ ನನ್ನದೂ ತುಂಬಿಸೋಣ ಅನ್ನಿಸುತ್ತಿತ್ತು. ಆದರೆ ಶೆಲ್ಫ್ ಖಾಲಿಯಾಗಲು ದುರಾಸೆ ಒಂದೇ ಕಾರಣ ಅಲ್ಲ. ಶಾಲೆ, ಆಫೀಸು, ಹೋಟೆಲ್ ಮುಚ್ಚಿದ್ದರಿಂದ ಹೊರಗೆ ಆಗುತ್ತಿದ್ದ ಊಟವೆಲ್ಲ ಮನೆಯೊಳಗೆ ಬಂತು. ಎಲ್ಲರ ಮನೆಯ ಖರ್ಚೂ ನಿಜವಾಗಿಯೇ ಏರಿತು. ಹೋಟೆಲಿಗೆ ಹೋಗುವ ಸರಕು ಬರುವುದು ದೊಡ್ಡ ದೊಡ್ಡ ಚೀಲಗಳಲ್ಲಿ. ಅದನ್ನು ರಾತ್ರೋರಾತ್ರಿ ಮನೆಗೆ ಬೇಕಾದ ಸಣ್ಣ ಪೊಟ್ಟಣಕ್ಕೆ ತುಂಬಿಸಲು ಆಗುವುದಿಲ್ಲ. ಬ್ರಿಟನ್ನಿನಲ್ಲಿ ಆದದ್ದೂ ಇದೇ. ಗಿರಣಿಗಳಲ್ಲಿ ಹಿಟ್ಟಿಗೆ ಬರ ಇರಲಿಲ್ಲ, ಸಣ್ಣ ಚೀಲಕ್ಕೆ ತುಂಬುವ ಸಾಮರ್ಥ್ಯ ಸಾಲದಾಯಿತು. ಇದು ತಿಳಿದ ಮೇಲೆ ನನ್ನ ಗಾಬರಿ ಎಷ್ಟೋ ಇಳಿಯಿತು. ಇಂಥ ಕೊರತೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಅಲ್ಲಿಯವರೆಗೆ ತಡೆದುಕೊಳ್ಳುವಷ್ಟು ಮನೆಯಲ್ಲಿ ಇದ್ದರೆ ಸಾಕು. ದೊಡ್ಡ ಚೀಲ ಸಿಕ್ಕಿದ ಕಡೆ ನಾವು ಪಕ್ಕದ ಮನೆಯವರ ಜೊತೆ ಸೇರಿ ಕೊಂಡು ಹಂಚಿಕೊಂಡೆವು. ಬೆಲೆಯೂ ಕಡಿಮೆ ಬಿತ್ತು.

ನಿಜವಾದ ಕಷ್ಟ ಬಂದದ್ದು ಬಲಗಡೆಯ ಪಟ್ಟಿಯಲ್ಲಿ.

ಮಾರ್ಚ್ 19ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಪತ್ರಿಕಾಗೋಷ್ಠಿಯಲ್ಲಿ ತಂಗಿಯ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನು ಹೊಗಳಿದರು. ಕೊರೊನಾಕ್ಕೆ ಇದು ಕೆಲಸ ಮಾಡುತ್ತದೆ ಎನ್ನಲು ಆಗ ಗಟ್ಟಿ ಪುರಾವೆ ಇರಲಿಲ್ಲ. ಆದರೂ ಎಲ್ಲೆಡೆ ಜನ ಅಂಗಡಿಗೆ ನುಗ್ಗಿದರು. ಹೆಚ್ಚಿನ ಪ್ರಮಾಣದಲ್ಲಿ ಇದನ್ನು ತಯಾರಿಸುವ ಭಾರತ ಮಾರ್ಚ್ 25ರಂದು ರಫ್ತಿಗೆ ತಡೆ ಹಾಕಿತು. ತಂಗಿಯ ಮಾತ್ರೆ ಪ್ರತಿ ತಿಂಗಳು ತರುತ್ತಿದ್ದ ಔಷಧಿ ಅಂಗಡಿಗೆ ಹೋದರೆ, ಕೌಂಟರಿನಲ್ಲಿದ್ದವರು ಚೀಟಿ ನೋಡಿ ಹಾಗೇ ವಾಪಸ್ ಕೊಟ್ಟರು. "ಕೊರೊನಾಕ್ಕೆ ತಾನೇ? ಮನೆಯಲ್ಲಿ ಇಟ್ಟುಕೊಳ್ಳೋಕೆ ಕೊಡಲ್ಲ ಮೇಡಂ." ನನ್ನ ಹಿಂದೆ ಉದ್ದ ಸಾಲು ಇತ್ತು. ಎಲ್ಲರೂ ನನ್ನನ್ನೇ ನೋಡಿದರು. ಅವರದ್ದು ತಪ್ಪು ಅನ್ನಲಾರೆ. ಬೆಳಿಗ್ಗೆಯಿಂದ ಸುಳ್ಳು ಹೇಳಿ ಕೇಳಿದವರು ಎಷ್ಟು ಜನವೋ. ಆದರೆ ನಿಜವಾದ ರೋಗಿಯ ಮನೆಯವರು ಕಳ್ಳರ ಹಾಗೆ ನಿಲ್ಲಬೇಕಾಯಿತು. ಆ ಸಿಟ್ಟು ಇನ್ನೂ ಹೋಗಿಲ್ಲ.

ಇಲ್ಲಿಂದ ಮುಂದಿನದು ಕಾಗದಪತ್ರದ ಕಥೆ. ಇದನ್ನು ಗಮನವಿಟ್ಟು ಓದಿ.

ತಂಗಿಯ ಚೀಟಿಯಲ್ಲಿ ಮಾತ್ರೆಯ ಹೆಸರು, "ದಿನಕ್ಕೆ 300 ಮಿಲಿಗ್ರಾಂ" ಎಂದಷ್ಟೇ ಇತ್ತು. ಕಾಯಿಲೆಯ ಹೆಸರು ಇರಲಿಲ್ಲ. ಮೊದಲೆಲ್ಲ ಅದನ್ನು ಯಾರೂ ಕೇಳುತ್ತಿರಲಿಲ್ಲ. ಈಗ ಅದೇ ಮುಖ್ಯವಾಯಿತು. ಡಾಕ್ಟರನ್ನು ನೇರವಾಗಿ ಕಾಣುವಂತಿರಲಿಲ್ಲ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಯಾವಾಗಲೂ ಎಂಗೇಜ್. ಕೊನೆಗೆ ಮೆಸೇಜ್ ಹಾಕಿ ಕಾದೆವು. ಆ ಕಾಯುವ ದಿನಗಳಲ್ಲಿ ತಂಗಿ ಪ್ರತಿ ರಾತ್ರಿ ಉಳಿದ ಮಾತ್ರೆ ಎಣಿಸುತ್ತಿದ್ದಳು. ಒಂದು ಬೆಳಿಗ್ಗೆ ಕೈಬೆರಳ ಗಿಣ್ಣುಗಳು ಬಿಗಿದುಕೊಂಡು ಅವಳಿಗೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಆಗಲಿಲ್ಲ. ಮಾತ್ರೆ ತಪ್ಪಿರಲಿಲ್ಲ, ಚಿಂತೆ ಮತ್ತು ನಿದ್ದೆಗೇಡಿನಿಂದ ಹಾಗಾಗಿರಬಹುದು ಎಂದು ಆಮೇಲೆ ಡಾಕ್ಟರು ಹೇಳಿದರು. ಆಗ ಮಾತ್ರ ನಮಗಿಬ್ಬರಿಗೂ ಅಳು ಬಂತು.

ಡಾಕ್ಟರು ವಿಡಿಯೋ ಕಾಲಿನಲ್ಲಿ ಸಿಕ್ಕಾಗ ನಾವು ಕೇಳಿ ಬರೆಸಿಕೊಂಡ ಪತ್ರದಲ್ಲಿ ಇದ್ದದ್ದು ಇಷ್ಟು. ಕಾಯಿಲೆಯ ಪೂರ್ತಿ ಹೆಸರು ಮತ್ತು ಅದರ ಅಂತಾರಾಷ್ಟ್ರೀಯ ಕೋಡ್. ಲೂಪಸ್‌ಗೆ ಅದು ಎಂ32. ಈ ಔಷಧಿ ಯಾವ ವರ್ಷದಿಂದ ನಡೆಯುತ್ತಿದೆ ಎಂಬುದು. ನಿಲ್ಲಿಸುವಂತಿಲ್ಲ ಎಂಬ ಒಂದು ಸಾಲು. ಎಲ್ಲಕ್ಕಿಂತ ಮುಖ್ಯವಾಗಿ, ತಿಂಗಳಿಗೆ ಒಟ್ಟು ಎಷ್ಟು ಮಾತ್ರೆ ಎಂಬ ಸಂಖ್ಯೆ. ಯಾಕೆಂದರೆ ಮಾತ್ರೆ ಬರುವುದು 200 ಮಿಲಿಗ್ರಾಂನಲ್ಲಿ. ಅವಳ ತೂಕಕ್ಕೆ ದಿನಕ್ಕೆ 300 ಬೇಕು. ಹಾಗಾಗಿ ಒಂದು ದಿನ ಒಂದು, ಮರುದಿನ ಎರಡು. ತಿಂಗಳಿಗೆ 45 ಮಾತ್ರೆ. ಚೀಟಿಯಲ್ಲಿ ಈ ಲೆಕ್ಕ ಬಿಡಿಸಿ ಬರೆಯದಿದ್ದರೆ, ಔಷಧಿಗೆ ರೇಷನ್ ಇರುವಾಗ 30 ಕೊಟ್ಟು ಕಳಿಸುತ್ತಾರೆ. ಉಳಿದ 15ಕ್ಕೆ ಮತ್ತೆ ಮೊದಲಿನಿಂದ ಅಲೆಯಬೇಕು. ನಿಮ್ಮ ಮನೆಯಲ್ಲೂ ಅರ್ಧ ಮಾತ್ರೆ, ದಿನ ಬಿಟ್ಟು ದಿನ ಎಂಬಂಥ ಡೋಸ್ ಇದ್ದರೆ ಒಟ್ಟು ಸಂಖ್ಯೆ ಬರೆಸಿಕೊಳ್ಳಿ.

"ಮಧ್ಯೆ ಒಂದೆರಡು ದಿನ ತಪ್ಪಿದರೆ ಏನಾಗುತ್ತೆ?" ಎಂದು ನಾನು ಕೇಳಿದೆ. ಈ ಔಷಧಿ ಮೈಯಲ್ಲಿ ತುಂಬಾ ದಿನ ಉಳಿಯುತ್ತದೆ, ಅರ್ಧದಷ್ಟು ಇಳಿಯಲು ಸುಮಾರು 40 ದಿನ ಬೇಕು, ಆದ್ದರಿಂದ ಗಾಬರಿ ಬೇಡ ಎಂದರು. ಆದರೆ ನಿಲ್ಲಿಸಬಾರದು. 1991ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ, ಮಾತ್ರೆ ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸುವ ಸಾಧ್ಯತೆ ಮುಂದುವರಿಸಿದವರಿಗಿಂತ ಎರಡೂವರೆ ಪಟ್ಟು ಇತ್ತು. ಪ್ರೆಡ್ನಿಸೊಲೋನ್ ವಿಷಯದಲ್ಲಂತೂ ಅವರು ಗಟ್ಟಿಯಾಗಿ ಹೇಳಿದರು. ಬಹಳ ಕಾಲದಿಂದ ತೆಗೆದುಕೊಳ್ಳುವ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಯಾವ ಮಾತ್ರೆ ಎರಡು ದಿನ ತಡೆದೀತು, ಯಾವುದು ಒಂದು ದಿನವೂ ತಪ್ಪಬಾರದು ಎಂದು ನಿಮ್ಮ ಡಾಕ್ಟರ ಹತ್ತಿರ ಮುಂಚೆಯೇ ಕೇಳಿಟ್ಟುಕೊಳ್ಳಿ. ನೀವೇ ಊಹಿಸಬೇಡಿ.

ಪತ್ರ ಸಿಕ್ಕ ಮೇಲೂ ಮಾತ್ರೆ ಸಿಗಲು ವಾರಗಳು ಹಿಡಿದವು. ಒಂದು ಅಂಗಡಿಯಲ್ಲಿ ಹೆಸರು ಬರೆಸಿದೆವು. ಇನ್ನೊಂದರಲ್ಲಿ ಅರ್ಧ ಸ್ಟ್ರಿಪ್ ಸಿಕ್ಕಿತು. ಬೇರೆ ಕಂಪನಿಯ ಮಾತ್ರೆ ಸಿಕ್ಕಾಗ ಅದರಲ್ಲಿರುವ ಔಷಧಿಯ ಹೆಸರು ಮತ್ತು ಮಿಲಿಗ್ರಾಂ ಎರಡನ್ನೂ ಡಾಕ್ಟರಿಗೆ ಫೋಟೋ ಕಳಿಸಿ ಕೇಳಿಕೊಂಡೆವು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕ್ಲೋರೋಕ್ವಿನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಹೆಸರು ಕೇಳಲು ಒಂದೇ ಥರ, ಆದರೆ ಡೋಸ್ ಬೇರೆ, ಕಣ್ಣಿಗೆ ಆಗುವ ಹಾನಿಯ ಭಯವೂ ಬೇರೆ. ಒಂದರ ಬದಲು ಇನ್ನೊಂದು ತೆಗೆದುಕೊಳ್ಳುವಂತಿಲ್ಲ.

ನನ್ನ ಗಂಡ ಒಂದು ರಾತ್ರಿ ಇಂಟರ್ನೆಟ್ಟಿನಲ್ಲಿ ಯಾರೋ ಮಾರುತ್ತಿದ್ದದ್ದನ್ನು ಹುಡುಕಿದರು. ಮಾಮೂಲಿ ಬೆಲೆಯ ಎಷ್ಟೋ ಪಟ್ಟು. ಅವರು ದುಡ್ಡು ಕಟ್ಟಲು ತಯಾರಿದ್ದರು. "ಬೇಡ ಭಾವ, ಅದು ಏನು ಮಾತ್ರೆಯೋ ಯಾರಿಗೆ ಗೊತ್ತು" ಎಂದು ತಂಗಿಯೇ ತಡೆದಳು. ಅವಳು ಹೇಳಿದ್ದು ಸರಿಯಾಗಿತ್ತು. ಆ ಏಪ್ರಿಲ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಆಫ್ರಿಕಾದ ಕೆಲವು ದೇಶಗಳಲ್ಲಿ ಸಿಕ್ಕಿದ ನಕಲಿ ಕ್ಲೋರೋಕ್ವಿನ್ ಬಗ್ಗೆ ಎಚ್ಚರಿಕೆ ಕೊಟ್ಟಿತು. ಕೊರತೆ ಇರುವ ಕಡೆಗೆ ನಕಲಿ ತಾನಾಗಿ ಬರುತ್ತದೆ. ಬಿಲ್ ಕೊಡದವರ ಹತ್ತಿರ ಔಷಧಿ ಕೊಳ್ಳಬೇಡಿ.

ಕೊನೆಗೆ ಮೊದಲು ವಾಪಸ್ ಕಳಿಸಿದ್ದ ಅದೇ ಅಂಗಡಿಯವರೇ ಫೋನ್ ಮಾಡಿ, ಸ್ಟಾಕ್ ಬಂದಿದೆ, ಪತ್ರ ತಗೊಂಡು ಬನ್ನಿ ಎಂದರು. 45 ಮಾತ್ರೆ ಎಣಿಸಿ ಕೊಟ್ಟರು. ಜೂನ್ 5ರಂದು ಬ್ರಿಟನ್ನಿನಲ್ಲಿ ನಡೆಯುತ್ತಿದ್ದ ರಿಕವರಿ ಎಂಬ ಔಷಧಿ ಪರೀಕ್ಷೆ (ಟ್ರಯಲ್), ಆಸ್ಪತ್ರೆಯಲ್ಲಿರುವ ಕೊರೊನಾ ರೋಗಿಗಳಿಗೆ ಈ ಔಷಧಿಯಿಂದ ಪ್ರಯೋಜನ ಇಲ್ಲ ಎಂದು ಹೇಳಿತು. ಜೂನ್ 15ರಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಕೊರೊನಾಕ್ಕೆ ಬಳಸಲು ತಾನು ಮಾರ್ಚ್ 28ರಂದು ಕೊಟ್ಟಿದ್ದ ತುರ್ತು ಅನುಮತಿಯನ್ನು ವಾಪಸ್ ಪಡೆಯಿತು. ಆಮೇಲೆ ನೂಕುನುಗ್ಗಲು ಕರಗಿತು. ಜೂನ್ 16ರಂದು ಅದೇ ರಿಕವರಿ ಟ್ರಯಲ್ಲಿನಿಂದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಜೀವ ಉಳಿಸುತ್ತದೆ ಎಂಬ ಸುದ್ದಿ ಬಂತು. ಎಲ್ಲರಿಗೂ ಅದು ಸಂತೋಷದ ಸುದ್ದಿ. ನಮ್ಮ ಮನೆಯಲ್ಲಿ ಮಾತ್ರ ಇನ್ನು ಪ್ರೆಡ್ನಿಸೊಲೋನ್ ಕೂಡ ಮಾಯವಾಗುತ್ತದೇನೋ ಎಂಬ ದಿಗಿಲು. ನಮ್ಮ ಪುಣ್ಯ, ಹಾಗಾಗಲಿಲ್ಲ.

ಮಾಸ್ಕ್, ಸ್ಯಾನಿಟೈಸರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸರ್ಜಿಕಲ್ ಮಾಸ್ಕಿನ ಬೆಲೆ ಆರು ಪಟ್ಟು ಏರಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾರ್ಚ್ 3ರಂದೇ ಹೇಳಿತ್ತು. ಆರೋಗ್ಯ ಸಿಬ್ಬಂದಿಗೇ ತಿಂಗಳಿಗೆ 8 ಕೋಟಿ 90 ಲಕ್ಷ ಮಾಸ್ಕ್ ಬೇಕಿತ್ತು. ಅದನ್ನು ಓದಿದ ಮೇಲೆ ನಾವು ಆ ಸಾಲಿಗೆ ಹೋಗಲೇ ಇಲ್ಲ. ಮೂರು ಪದರದ ಬಟ್ಟೆ ಮಾಸ್ಕ್ ಹೊಲಿದುಕೊಂಡೆವು. ಅಮ್ಮನಿಗೆ ಮಾತ್ರ ಕಿವಿಗೆ ಸಿಕ್ಕಿಸುವ ದಾರದ ಬದಲು ತಲೆಯ ಹಿಂದೆ ಕಟ್ಟುವ ಲಾಡಿ ಇಟ್ಟೆವು. ಇಲ್ಲದಿದ್ದರೆ ಮಾಸ್ಕ್ ತೆಗೆಯುವಾಗ ಕಿವಿ ಮಷೀನ್ ಕಿತ್ತುಕೊಂಡು ಬರುತ್ತದೆ. ಸ್ಯಾನಿಟೈಸರ್ ಕೊಳ್ಳುವುದಾದರೆ ಆಲ್ಕೋಹಾಲ್ ಕನಿಷ್ಠ ಶೇ 60 ಇರಬೇಕು. ಮೆಥನಾಲ್ ಇರುವುದು ವಿಷ. ಮನೆಯಲ್ಲೇ ಇದ್ದರೆ ಸೋಪು ನೀರೇ ಸಾಕು. ವೈರಸ್ಸಿನ ಮೇಲಿನ ಕೊಬ್ಬಿನ ಹೊದಿಕೆ ಸೋಪಿಗೆ ಒಡೆದುಹೋಗುತ್ತದೆ.

ನೆಲ, ಬಾಗಿಲ ಹಿಡಿ ಒರೆಸಲು ಬ್ಲೀಚ್ ಬಳಸಿದೆವು. ಶೇ 5ರ ಬ್ಲೀಚ್ 20 ಮಿಲಿಲೀಟರ್ ತೆಗೆದುಕೊಂಡು ಅದಕ್ಕೆ ಒಂದು ಲೀಟರ್ ಆಗುವಷ್ಟು ನೀರು ಸೇರಿಸಿದರೆ ಶೇ 0.1ರ ದ್ರಾವಣ ಆಗುತ್ತದೆ. ದಿನಾ ಹೊಸದಾಗಿ ಮಾಡಬೇಕು. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ, ಅಮೋನಿಯಾ ಇರುವ ಕ್ಲೀನರ್ ಆಗಲಿ, ಯಾವತ್ತೂ ಬೆರೆಸಬೇಡಿ. ಅದರಿಂದ ಬರುವ ಗಾಳಿ ಶ್ವಾಸಕೋಶ ಸುಡುತ್ತದೆ.

ಹೀಗೆ ತಿಂಗಳುಗಳು ಕಳೆದವು. ಅಂಗಡಿ ತುಂಬಿತು, ಮಾತ್ರೆ ಸಿಗತೊಡಗಿತು. ಇನ್ನೇನು ಮುಗಿಯಿತು ಅಂದುಕೊಳ್ಳುವಾಗ ನನ್ನ ಗಂಡನಿಗೆ ಜ್ವರ ಬಂತು. ಟೆಸ್ಟ್ ಪಾಸಿಟಿವ್.

ಐಸೊಲೇಷನ್ ಅಂದರೆ ಎರಡು ವಾರ ಎಂದು ಆಗ ಎಲ್ಲರೂ ಅಂದುಕೊಂಡಿದ್ದರು. ಒಬ್ಬರೇ ಇದ್ದರೆ ಸರಿ. ಆದರೆ ಮನೆ ತುಂಬ ಜನ ಇರುವಲ್ಲಿ ಲೆಕ್ಕ ಬೇರೆ. ಆಗ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದ್ದ ಪ್ರಕಾರ, ಲಕ್ಷಣ ಇರುವ ರೋಗಿ ಲಕ್ಷಣ ಶುರುವಾದಾಗಿನಿಂದ 10 ದಿನ, ಮೇಲೆ ಕನಿಷ್ಠ 3 ದಿನ ಲಕ್ಷಣವಿಲ್ಲದೆ ಕಳೆಯಬೇಕಿತ್ತು. ಜೊತೆಗಿದ್ದವರು ಕೊನೆಯ ಸಂಪರ್ಕದಿಂದ 14 ದಿನ ಕಾಯಬೇಕಿತ್ತು. ಆ 14 ದಿನ ಮುಗಿಯುವ ಹೊತ್ತಿಗೆ ಇನ್ನೊಬ್ಬರಿಗೆ ಜ್ವರ ಬಂದರೆ? ಮತ್ತೆ ಮೊದಲಿನಿಂದ. ನಮ್ಮಲ್ಲಿ ಆದದ್ದೂ ಅದೇ. ಅವರದ್ದು ಮುಗಿಯುತ್ತಾ ಬಂದಾಗ ಅಮ್ಮನಿಗೆ ಬಂತು. ಎರಡು ವಾರದ ದಿನಸಿ ಇಟ್ಟುಕೊಂಡಿದ್ದ ನಮಗೆ ಬಾಗಿಲು ಮುಚ್ಚಿಕೊಂಡು ಅದರ ದುಪ್ಪಟ್ಟಿಗಿಂತ ಜಾಸ್ತಿ ದಿನ ಇರಬೇಕಾಯಿತು. ಪಕ್ಕದ ಮನೆಯವರು ಸಾಮಾನು ತಂದು ಬಾಗಿಲ ಹೊರಗಿಟ್ಟು ಫೋನ್ ಮಾಡುತ್ತಿದ್ದರು. ಅವರ ಉಪಕಾರ ಮರೆಯುವಂತಿಲ್ಲ. ಹಾಗೆ ತಂದುಕೊಡುವವರು ಯಾರು ಎಂದು ಜ್ವರ ಬರುವ ಮುಂಚೆಯೇ ಮಾತಾಡಿಟ್ಟುಕೊಳ್ಳಿ. ಸಾಮಾನಿನ ಪಟ್ಟಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿರಿ. ಮನೆ ನಡೆಸುವವರೇ ಮಲಗಿಬಿಟ್ಟರೆ ಯಾವ ಡಬ್ಬಿಯಲ್ಲಿ ಏನಿದೆ ಎಂದು ಬೇರೆಯವರಿಗೆ ತಿಳಿಯಬೇಕಲ್ವಾ?

ತಂಗಿಯನ್ನು ಮೊದಲ ದಿನವೇ ದೂರದ ಕೋಣೆಗೆ ಕಳಿಸಿದೆವು. ಕಿಟಕಿ ತೆರೆದೇ ಇರುತ್ತಿತ್ತು. ಅವಳ ಎಲ್ಲ ಮಾತ್ರೆ, ಡಾಕ್ಟರ ಪತ್ರ, ಥರ್ಮಾಮೀಟರ್ ಅಲ್ಲೇ. ಊಟವೂ ಬೇರೆ. ಬಚ್ಚಲುಮನೆ ಮಾತ್ರ ಎಲ್ಲರಿಗೂ ಒಂದೇ. ಹಾಗಾಗಿ ದಿನಾ ಬೆಳಿಗ್ಗೆ ಮೊದಲು ಅವಳು, ಕೊನೆಗೆ ರೋಗಿ, ಆಮೇಲೆ ತೊಳೆದು ಕಿಟಕಿ ತೆರೆದಿಡುವುದು ಎಂಬ ಕ್ರಮ ಇಟ್ಟುಕೊಂಡೆವು. ಅವಳಿಗೆ ಸೋಂಕು ತಗುಲಲಿಲ್ಲ. ಇದರಿಂದಲೇ ಎಂದು ಹೇಳಲಾರೆ, ಆದರೆ ಮತ್ತೆ ಬಂದರೂ ಹೀಗೇ ಮಾಡುತ್ತೇನೆ.

ಜ್ವರಕ್ಕೆ ಪ್ಯಾರಸಿಟಮಾಲ್. ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು, ಅಂದರೆ 500 ಮಿಲಿಗ್ರಾಂನ ಎಂಟು ಮಾತ್ರೆ. ತೂಕ ಕಡಿಮೆ ಇದ್ದರೆ, ಲಿವರ್ ತೊಂದರೆ ಇದ್ದರೆ ಇನ್ನೂ ಕಡಿಮೆ. ನೆಗಡಿ ಮಾತ್ರೆಗಳಲ್ಲೂ ಇದೇ ಔಷಧಿ ಸೇರಿರುತ್ತದೆ, ಪೊಟ್ಟಣ ಓದಿ. ಯಾರು ಎಷ್ಟು ಹೊತ್ತಿಗೆ ತೆಗೆದುಕೊಂಡರು ಎಂದು ಬರೆದಿಡದಿದ್ದರೆ ರಾತ್ರಿ ನಿದ್ದೆಗಣ್ಣಿನಲ್ಲಿ ಲೆಕ್ಕ ತಪ್ಪುತ್ತದೆ. ಅಮ್ಮನಿಗೆ ಭೇದಿಯೂ ಆಯಿತು. ಓಆರ್‌ಎಸ್ ಪೊಟ್ಟಣ ಇರಲಿಲ್ಲ, ಅದನ್ನು ಮನೆಯಲ್ಲೇ ಮಾಡಿದೆವು. ಒಂದು ಲೀಟರ್ ಕುದಿಸಿ ಆರಿಸಿದ ನೀರು, ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಮಟ್ಟವಾಗಿರಬೇಕು. ಉಪ್ಪು ಹೆಚ್ಚಾದರೆ ಅಪಾಯ.

ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಎಂದು ನೋಡುವ ಪಲ್ಸ್ ಆಕ್ಸಿಮೀಟರ್ ಮೊದಲೇ ತಂದಿಟ್ಟದ್ದು ಒಳ್ಳೆಯದಾಯಿತು. ಒಂದು ಬೆಳಿಗ್ಗೆ ಅಮ್ಮನ ಬೆರಳಿಗೆ ಹಾಕಿದರೆ 91 ತೋರಿಸಿತು. ನನ್ನ ಕೈಕಾಲು ನಡುಗಿತು. ಆಂಬುಲೆನ್ಸ್ ನಂಬರ್ ಒತ್ತುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿದೆ. ಅಮ್ಮ ಉಸಿರು ಕಟ್ಟದೆ ಪೂರ್ತಿ ವಾಕ್ಯ ಮಾತಾಡುತ್ತಿದ್ದಾರಾ ಎಂದು ಕೇಳಿದರು. ಹೌದು ಅಂದೆ. ಕೈ ಮುಟ್ಟಿ ನೋಡಿ ಎಂದರು. ತಣ್ಣಗಿತ್ತು. ಕೈ ಉಜ್ಜಿ ಬಿಸಿ ಮಾಡಿ, ಕೂರಿಸಿ, ಐದು ನಿಮಿಷ ಸುಮ್ಮನಿದ್ದು, ಇನ್ನೊಂದು ಬೆರಳಿಗೆ ಹಾಕಿ ಅಂಕಿ ನಿಲ್ಲುವವರೆಗೆ ನೋಡಿ ಎಂದರು. 96 ಬಂತು. ತಣ್ಣನೆಯ ಕೈ, ಉಗುರು ಬಣ್ಣ, ಕೈ ಅಲುಗಾಡುವುದು, ಇವೆಲ್ಲ ತಪ್ಪು ಅಂಕಿ ತೋರಿಸುತ್ತವೆ. ವಿಶ್ರಾಂತಿಯಲ್ಲಿದ್ದಾಗ 94ಕ್ಕಿಂತ ಕೆಳಗೇ ನಿಂತರೆ ತಡಮಾಡದೆ ಫೋನ್ ಮಾಡಿ, 90ಕ್ಕಿಂತ ಕೆಳಗಾದರೆ ನೇರ ಆಸ್ಪತ್ರೆಗೆ ಬನ್ನಿ ಎಂಬುದು ಅವರು ನಮಗೆ ಕೊಟ್ಟ ಅಳತೆ. ಅಂಕಿ ಚೆನ್ನಾಗಿದ್ದರೂ ಉಸಿರಾಟ ಕಷ್ಟವಾದರೆ, ಮಂಪರು ಕವಿದರೆ, ಅಂಕಿಗೆ ಕಾಯಬಾರದು ಎಂದೂ ಹೇಳಿದರು.

ಆ ದಿನಗಳಲ್ಲಿ ಅಮ್ಮನಿಗೆ ಜ್ವರಕ್ಕಿಂತ ಕಷ್ಟವಾದದ್ದು ಒಂಟಿತನ. ಮಾಸ್ಕ್ ಹಾಕಿಕೊಂಡು ಬಾಗಿಲಲ್ಲಿ ನಿಂತು ಮಾತಾಡಿದರೆ ನಮ್ಮ ತುಟಿ ಕಾಣುವುದಿಲ್ಲ. ಕಿವಿ ಮಂದ ಇರುವವರು ತುಟಿ ನೋಡಿಯೇ ಅರ್ಧ ಮಾತು ಅರ್ಥ ಮಾಡಿಕೊಳ್ಳುತ್ತಾರೆ. ಎದುರಿಗಿದ್ದರೂ ಆಸರೆ ತಪ್ಪಿದ ಹಾಗಾಗಿತ್ತು ಅವರಿಗೆ. ಮಗ ಒಂದು ಉಪಾಯ ಮಾಡಿದ. ಪಕ್ಕದ ಕೋಣೆಯಿಂದ ಮಾಸ್ಕ್ ತೆಗೆದು ವಿಡಿಯೋ ಕಾಲ್ ಮಾಡುತ್ತಿದ್ದ. ದಪ್ಪ ಅಕ್ಷರದಲ್ಲಿ ಬರೆದು ಗಾಜಿನ ಕಿಟಕಿಗೆ ಹಿಡಿಯುತ್ತಿದ್ದ. ಆಗ ಬ್ಯಾಟರಿ ಮುಗಿದುಹೋಗಿದ್ದರೆ ಏನು ಗತಿ ಎಂದು ಈಗಲೂ ಯೋಚನೆಯಾಗುತ್ತದೆ.

ಖರ್ಚಿನ ವಿಷಯ. ದಿನಸಿ ಮುಂಚೆಯೇ ತಂದದ್ದರಿಂದ ನಮಗೆ ಹೆಚ್ಚುವರಿ ಹೊರೆ ಬೀಳಲಿಲ್ಲ, ಹೇಗೂ ತಿನ್ನುವುದನ್ನೇ ತಂದಿದ್ದೆವು. ಜಾಸ್ತಿ ಹೋದದ್ದು ಟೆಸ್ಟ್, ಫೋನಿನಲ್ಲಿ ಡಾಕ್ಟರ ಫೀಸು, ಔಷಧಿ ಹುಡುಕಾಟ ಮತ್ತು ಗಂಡ ಕೆಲಸಕ್ಕೆ ಹೋಗಲಾಗದ ದಿನಗಳಿಗೆ. ಆಫೀಸಿನವರು ರಜೆ ಮಂಜೂರು ಮಾಡಲು ಟೆಸ್ಟ್ ರಿಪೋರ್ಟು, ಐಸೊಲೇಷನ್ ಮುಗಿದ ಪತ್ರ ಎರಡನ್ನೂ ಕೇಳಿದರು. ಎರಡನೆಯದನ್ನು ಡಾಕ್ಟರ ಹತ್ತಿರ ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಒಂದು ನಿಯಮ ಇದೆ. ಬಲಗಡೆಯ ಪಟ್ಟಿಯ ಯಾವ ವಸ್ತುವಾದರೂ ಒಂದು ತಿಂಗಳಿಗಾಗುವಷ್ಟಕ್ಕೆ ಇಳಿದ ಕೂಡಲೇ ಮುಂದಿನದನ್ನು ತರುವುದು. ಅದಕ್ಕಿಂತ ಜಾಸ್ತಿ ಕೂಡಿಡುವುದಿಲ್ಲ. ಇನ್ನೊಬ್ಬ ಲೂಪಸ್ ರೋಗಿಯ ಪಾಲಿನ ಮಾತ್ರೆ ನಮ್ಮ ಕಪಾಟಿನಲ್ಲಿ ಇರಬಾರದು. ಡಾಕ್ಟರ ಪತ್ರದ ಮೇಲೆ ತಾರೀಕು ಹಳೆಯದಾಗಿದ್ದರೆ ಅಂಗಡಿಯಲ್ಲಿ ತಕರಾರು ಬರುತ್ತದೆ, ಹಾಗಾಗಿ ಪ್ರತಿ ಸಲ ತೋರಿಸಿಕೊಳ್ಳಲು ಹೋದಾಗ ಹೊಸದು ಬರೆಸುತ್ತೇವೆ. ಹೈಡ್ರಾಕ್ಸಿಕ್ಲೋರೋಕ್ವಿನ್ ವರ್ಷಗಟ್ಟಲೆ ತೆಗೆದುಕೊಳ್ಳುವವರು ಕಣ್ಣಿನ ರೆಟಿನಾ ಪರೀಕ್ಷೆ ಮಾಡಿಸುತ್ತಿರಬೇಕು. ತಂಗಿಯದು ಈ ಗಲಾಟೆಯಲ್ಲಿ ಮುಂದಕ್ಕೆ ಹೋಗಿತ್ತು. ಮುಂದಿನ ವಾರಕ್ಕೆ ಅಪಾಯಿಂಟ್ಮೆಂಟ್ ಸಿಕ್ಕಿದೆ. ನಿಮ್ಮ ಮನೆಯಲ್ಲೂ ಇಂಥ ಪರೀಕ್ಷೆ ಬಾಕಿ ಉಳಿದಿದ್ದರೆ ಈಗಲೇ ಫೋನ್ ಮಾಡಿ.